ಅಮಲು ಮತ್ತು ಅಪಸ್ಮಾರ

ಮನೆಯಲ್ಲಿ ಒಬ್ಬರಿಗೆ ಮೂರ್ಛೆ ಬಂದು ಕೈಕಾಲುಗಳು ಸೆಳೆದುಕೊಂಡವೆಂದರೆ ನಮ್ಮ ಹಿರಿಯರು ಮಾಡುತ್ತಿದ್ದುದೇನೆಂಬುದನ್ನು ವಾಚಕರೆಲ್ಲರೂ ಬಲ್ಲರು. ಮುಷ್ಟಿಯೊಳಗೆ ಬೀಗದ ಕೈಗೊಂಚಲನ್ನು ತುರುಕುವುದು, ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುವುದು, ಎಚ್ಚರವಾದ ಬಳಿಕ ಗ್ರಹಚಾರವೋ ಗಾಳಿಯೋ ದೃಷ್ಟಿಯೋ ಎಂದು ವಿಚಾರಿಸುವುದು, ಇದೇ ಅಂದಿನ ಕ್ರಮವಾಗಿದ್ದಿತು. ಇಂದಿನ ವೈದ್ಯನು ಕೇಳುವ ಪ್ರಶ್ನೆ ಬೇರೆ. ನಡುವಯಸ್ಸಿನ ಗಂಡಸಿಗೆ ಮೊತ್ತಮೊದಲ ಬಾರಿ ಸೆಳವು ಬಂದಿದ್ದರೆ, “ಇವರು ಏನನ್ನಾದರೂ ಸೇವಿಸುವ ಅಭ್ಯಾಸವುಂಟೆ? ಉಂಟಾದರೆ, ಕೊನೆಯ ಸಲ ಸೇವಿಸಿ ಎಷ್ಟು ಹೊತ್ತಾಯಿತು?” ಎಂದು ಅವನು ಕೇಳುತ್ತಾನೆ. ಕೇಳಿದೊಡನೆ ಮನೆಮಂದಿ ಒಬ್ಬರ ಮುಖವನ್ನೊಬ್ಬರು ನೋಡಿ ಸುಮ್ಮನಾಗುವುದುಂಟು. ಮರ್ಯಾದಸ್ಥರ ಮನೆತನದಲ್ಲಿ ಇಂತಹ ಮಾತನ್ನು ಹೊರಗೆ ಹಾಕುವುದೆಂತು ಎಂಬ ಸಂಕೋಚವು ನಾಲಗೆಯನ್ನು ಕಟ್ಟಿಹಾಕುತ್ತದೆ. ಆದರೆ ಆ ಎರಡು ಪ್ರಶ್ನೆಗಳನ್ನು ಕೇಳಲು ವೈದ್ಯಶಾಸ್ತ್ರವು ಕಲಿತುದು ಸುಲಭವಾಗಿ ಅಲ್ಲ; ಬಹುಕಾಲದ ತಪ್ಪು ಒಪ್ಪುಗಳ ತರುವಾಯ ಅದು ಈ ಜ್ಞಾನವನ್ನು ಪಡೆಯಿತು. ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಮೊದಲು ಒಂದು ಭೇದವನ್ನು ತಿಳಿದಿರುವುದು ಅವಶ್ಯಕ. ಸೆಳವು ಬೇರೆ, ಅಪಸ್ಮಾರ ಬೇರೆ. ಮಿದುಳಿನ ಅಸಂಖ್ಯಾತ ನರಕೋಶಗಳು ತಮ್ಮ ತಮ್ಮ ಸರದಿಯನ್ನು ಬಿಟ್ಟು ಒಮ್ಮೆಗೇ ಉದ್ರೇಕಗೊಂಡಾಗ ಉಂಟಾಗುವ ಕ್ಷಣಿಕ ವಿಕಾರವೇ ಸೆಳವು. ಅಂತಹ ಸೆಳವು ಕೂಡಲೇ ಒದಗಿದ ಬಾಹ್ಯ ಕಾರಣವಿಲ್ಲದೆ ಮತ್ತೆ ಮತ್ತೆ ಮರುಕಳಿಸುವ ಸ್ವಭಾವವುಳ್ಳ ರೋಗಕ್ಕೆ ಅಪಸ್ಮಾರವೆಂದು ಹೆಸರು. ಜ್ವರದಿಂದಲೋ, ರಕ್ತದಲ್ಲಿ ಸಕ್ಕರೆ ಇಳಿದುದರಿಂದಲೋ, ಮಾದಕ ವಸ್ತುವಿನಿಂದಲೋ ಯಾರಿಗಾದರೂ ಒಂದು ಸಲ ಸೆಳವು ಬರಬಹುದು. ಅಷ್ಟರಿಂದಲೇ ಅವನನ್ನು ಅಪಸ್ಮಾರಿಯೆನ್ನಲಾಗದು. ನಮ್ಮ ಪ್ರಾಚೀನರೂ ಇವುಗಳನ್ನು ಬೆರೆಸಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅಪಸ್ಮಾರಕ್ಕೆ ಹತ್ತನೆಯ ಅಧ್ಯಾಯವೂ, ಮದ್ಯದಿಂದುಂಟಾಗುವ ವಿಕಾರಗಳಿಗೆ ಮದಾತ್ಯಯವೆಂಬ ಇಪ್ಪತ್ತನಾಲ್ಕನೆಯ ಅಧ್ಯಾಯವೂ ಪ್ರತ್ಯೇಕವಾಗಿ ಮೀಸಲಾಗಿವೆ.

ಆಧುನಿಕ ವೈದ್ಯದಲ್ಲಿ ಅಮಲಿನ ವಸ್ತುವಿಗೂ ಸೆಳವಿಗೂ ಇರುವ ಸಂಬಂಧದ ವಿಚಾರವು ಮುಖ್ಯವಾಗಿ ನಮ್ಮ ದೇಶದಲ್ಲಿಯೇ, ಕಲ್ಕತ್ತೆಯಲ್ಲಿ, ಮೊದಲಾಯಿತೆಂಬುದು ಅನೇಕರಿಗೆ ತಿಳಿಯದು. ಐರ್ಲೆಂಡಿನ ಲಿಮರಿಕ್ ಪಟ್ಟಣದಲ್ಲಿ 1809ರಲ್ಲಿ ಹುಟ್ಟಿದ ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬಾತನು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ 1833ರಲ್ಲಿ ಬಂಗಾಳಕ್ಕೆ ಬಂದನು. 1835ರಲ್ಲಿ ಸ್ಥಾಪಿತವಾದ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದನು. ಮುಂದೆ ಇದೇ ಮಹಾಶಯನು ಹಿಂದೂಸ್ಥಾನದಲ್ಲಿ ತಂತಿ ಸಮಾಚಾರದ ವ್ಯವಸ್ಥೆಯನ್ನು ಹರಡಿ ಸರ್ ಪದವಿಯನ್ನು ಪಡೆದನು. ಬೀದಿಬೀದಿಗಳಲ್ಲಿ ಜನರು ಭಂಗಿಯನ್ನು ಕುಡಿಯುವುದನ್ನೂ ಗಾಂಜಾವನ್ನು ಸೇದುವುದನ್ನೂ ಕಂಡ ಅವನಿಗೆ, ಇದರಲ್ಲಿ ಔಷಧಗುಣವೇನಾದರೂ ಇದ್ದೀತೆ ಎಂಬ ಕುತೂಹಲ ಹುಟ್ಟಿತು. ದೇಶೀಯ ಪಂಡಿತರನ್ನೂ ಹಕೀಮರನ್ನೂ ಕೇಳಿ ತಿಳಿದುಕೊಂಡು, ಮೊದಲು ಪ್ರಾಣಿಗಳ ಮೇಲೆ ಪ್ರಯೋಗಿಸಿ, ಅನಂತರ ರೋಗಿಗಳಿಗೆ ಕೊಟ್ಟು ನೋಡಿ, 1839ರಲ್ಲಿ ತನ್ನ ಪ್ರಬಂಧವನ್ನು ವಿದ್ವಾಂಸರ ಮುಂದಿಟ್ಟನು.

ಸಂಧಿವಾತ, ವಾಂತಿಭೇದಿ, ಹುಚ್ಚುನಾಯಿ ಕಡಿತ, ಧನುರ್ವಾಯು ಇವುಗಳಲ್ಲಿ ಅವನು ಗಾಂಜಾದ ಟಿಂಕ್ಚರನ್ನು ಪರೀಕ್ಷಿಸಿದನು. ಅವನು ಬರೆದಿಟ್ಟ ಪ್ರಕರಣಗಳಲ್ಲಿ ನಮ್ಮ ವಿಷಯಕ್ಕೆ ಸೇರಿದುದು ಒಂದು ಎಳೆಯ ಹೆಣ್ಣುಕೂಸಿನದು. ಹುಟ್ಟಿ ಸುಮಾರು ನಲವತ್ತು ದಿನವಾಗಿದ್ದ ಆ ಶಿಶುವಿಗೆ ಸೆಳವಿನ ಮೇಲೆ ಸೆಳವು ಬರುತ್ತಿದ್ದಿತು. ಜಿಗಣೆ ಕಚ್ಚಿಸುವುದೇ ಮೊದಲಾದ ಆ ಕಾಲದ ಉಪಾಯಗಳೆಲ್ಲ ವ್ಯರ್ಥವಾದ ಮೇಲೆ ತಾಯಿತಂದೆಗಳ ಒಪ್ಪಿಗೆಯಿಂದ ಟಿಂಕ್ಚರನ್ನು ಹನಿಹನಿಯಾಗಿ ನಾಲಗೆಗೆ ಬಿಡಲಾಯಿತು. ಸೆಳವು ನಿಂತಿತು, ಮರುಕಳಿಸಿದಾಗ ಪ್ರಮಾಣವನ್ನು ಏರಿಸಲಾಯಿತು, ಕಡೆಗೆ ಕೂಸು ಗುಣಹೊಂದಿತು. ಸೆಳವನ್ನು ಅಡಗಿಸುವ ದೊಡ್ಡ ಔಷಧವೊಂದು ವೈದ್ಯರ ಕೈಸೇರಿತೆಂದು ಓಶಾನೆಸ್ಸಿ ಹರ್ಷಪಟ್ಟನು. ಆದರೆ ಅದೇ ಪ್ರಬಂಧದಲ್ಲಿ, ಗಾಂಜಾವನ್ನು ಬಿಡದೆ ಸೇವಿಸುವವರಿಗೆ ಬರುವ ಬುದ್ಧಿಭ್ರಮೆಯ ಲಕ್ಷಣಗಳನ್ನೂ ಅವನು ಮರೆಮಾಚದೆ ವರ್ಣಿಸಿದನು. ಒಂದೇ ಗಿಡದಲ್ಲಿ ಮದ್ದೂ ಮದವೂ ಇರುವುದನ್ನು ಅವನು ಕಂಡನು. ಅವೆರಡನ್ನೂ ಬೇರ್ಪಡಿಸುವ ಸಾಧನ ಮಾತ್ರ ಆ ಕಾಲದಲ್ಲಿರಲಿಲ್ಲ.

ಇಂಗ್ಲೆಂಡಿಗೆ ಹೋದ ಈ ಔಷಧವು ಅಲ್ಲಿ ಸುಮಾರು ಅರ್ಧ ಶತಮಾನ ಬಳಕೆಯಲ್ಲಿದ್ದಿತು. ನರರೋಗಗಳಲ್ಲಿ ಮಹಾಪಂಡಿತನೆನಿಸಿದ ವಿಲಿಯಂ ಗವರ್ಸ್ ತನ್ನ 1881ರ ಗ್ರಂಥದಲ್ಲಿ, ಕೆಲವು ಅಪಸ್ಮಾರಿಗಳಿಗೆ ಇದರಿಂದ ಉಪಯೋಗವಾಗುವುದುಂಟೆಂದೂ ಆದರೆ ಅದು ಅಪರೂಪವೆಂದೂ ಬರೆದನು. ಜೆ. ರಸೆಲ್ ರೆನಾಲ್ಡ್ಸ್ ಎಂಬ ವೈದ್ಯನು ಮೂವತ್ತು ವರ್ಷಗಳ ಅನುಭವದ ಮೇಲೆ 1890ರಲ್ಲಿ, ನಿಜವಾದ ದೀರ್ಘಕಾಲದ ಅಪಸ್ಮಾರಕ್ಕೆ ಇದು ನಿರರ್ಥಕವೆಂದು ಅಭಿಪ್ರಾಯಪಟ್ಟನು. ಹಿರಿಯ ವೈದ್ಯರಲ್ಲಿಯೇ ಇಷ್ಟು ಭಿನ್ನಾಭಿಪ್ರಾಯವೇಕೆಂದರೆ, ಒಂದು ಸೀಸೆಯ ಟಿಂಕ್ಚರು ಇನ್ನೊಂದರಂತೆ ಇರುತ್ತಿರಲಿಲ್ಲ. ಬೆಳೆದ ನೆಲ, ಕೊಯ್ದ ಕಾಲ, ಇಟ್ಟ ಅವಧಿ ಇವುಗಳಿಗೆ ತಕ್ಕಂತೆ ಸತ್ವವು ಹೆಚ್ಚುಕಡಿಮೆಯಾಗುತ್ತಿದ್ದಿತು. ಅಷ್ಟರಲ್ಲಿ ಸರ್ ಚಾರ್ಲ್ಸ್ ಲೊಕಾಕ್ 1857ರಲ್ಲಿ ತಿಳಿಸಿದ ಪೊಟ್ಯಾಸಿಯಂ ಬ್ರೋಮೈಡೂ, ಜರ್ಮನಿಯ ಆಲ್ಫ್ರೆಡ್ ಹೌಪ್ಟ್‌ಮನ್ 1912ರಲ್ಲಿ ಅಪಸ್ಮಾರಕ್ಕೆ ಪ್ರಯೋಗಿಸಿದ ಫಿನೋಬಾರ್ಬಿಟಾಲೂ ಬಂದುವು. ಅಳೆದು ಕೊಡಬಹುದಾದ ಈ ಔಷಧಗಳ ಮುಂದೆ ಗಾಂಜಾ ನಿಲ್ಲಲಿಲ್ಲ. 1932ರಲ್ಲಿ ಬ್ರಿಟಿಷ್ ಔಷಧಕೋಶದಿಂದಲೂ 1942ರಲ್ಲಿ ಅಮೆರಿಕದ ಔಷಧಕೋಶದಿಂದಲೂ ಅದು ಹೊರಬಿದ್ದಿತು.

ಇತ್ತ ಹಿಂದೂಸ್ಥಾನದಲ್ಲಿ ಗಾಂಜಾದ ಮೇಲೆ ಬೇರೊಂದು ಆಪಾದನೆ ಎದ್ದಿತ್ತು: ದೇಶದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆಯೆಂದು. ಇದರ ವಿಚಾರಣೆಗಾಗಿ ಸರ್ಕಾರವು 1893ರಲ್ಲಿ ಒಂದು ಕಮಿಷನ್ನನ್ನು ನೇಮಿಸಿತು. ಅದು 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ವರದಿಯನ್ನೊಪ್ಪಿಸಿತು. 1892ರ ಒಂದು ವರ್ಷದಲ್ಲಿ ಆಸ್ಪತ್ರೆಗಳಿಗೆ ಸೇರಿದ 1344 ಜನರಲ್ಲಿ 222 ಮಂದಿಯ ಕಾಯಿಲೆಗೆ ಗಾಂಜಾವೇ ಕಾರಣವೆಂದು ದಾಖಲೆಯಲ್ಲಿದ್ದಿತು. ಕಮಿಷನ್ನಿನವರು ಒಂದೊಂದನ್ನೂ ಬಿಡಿಸಿ ವಿಚಾರಿಸಲಾಗಿ ಉಳಿದುದು 98 ಮಾತ್ರ. ಅವುಗಳಲ್ಲಿಯೂ 37ರಲ್ಲಿ ಬೇರೆ ಕಾರಣಗಳು ಬೆರೆತಿದ್ದುವು. ಮಿಕ್ಕವುಗಳಲ್ಲಿ ಪೋಲೀಸರೋ ಗುಮಾಸ್ತರೋ ಕಾರಣದ ಅಂಕಣವು ಬರಿದಾಗಿರಬಾರದೆಂದು ಗಾಂಜಾ ಎಂದು ಬರೆದು ಮುಗಿಸಿದ್ದರು. ಮಿತಬಳಕೆಯಿಂದ ಬಹುಮಂದಿಗೆ ದೊಡ್ಡ ಹಾನಿ ಕಾಣಬಂದಿಲ್ಲ, ಅತಿಬಳಕೆಯಿಂದ ಹಾನಿ ನಿಶ್ಚಯವೆಂಬುದು ಅವರ ಒಟ್ಟು ತೀರ್ಮಾನ. ಈ ವರದಿಯಿಂದ ನಾವು ಕಲಿಯತಕ್ಕ ಪಾಠವೊಂದುಂಟು. ವಿಚಾರಿಸದೆ ಹೊರಿಸಿದ ಕಾರಣವೂ ವಿಚಾರಿಸಿದಾಗ ಬಚ್ಚಿಟ್ಟ ಕಾರಣವೂ ರೋಗಿಗೆ ಸಮನಾಗಿಯೇ ಕೇಡು ಮಾಡುತ್ತವೆ.

ಇನ್ನು ಎಲ್ಲ ಅಮಲುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ಮದ್ಯದ ಕಡೆಗೆ ತಿರುಗೋಣ. ಕುಡಿತಕ್ಕೂ ಸೆಳವಿಗೂ ನಂಟಿರುವುದನ್ನು ಗ್ರೀಸಿನ ಹಿಪಾಕ್ರಟೀಸನ ಸಂಪ್ರದಾಯದವರೂ ಬಲ್ಲವರಾಗಿದ್ದರು. ಆದರೆ ಸೆಳವು ಬರುವುದು ಕುಡಿದುದರಿಂದಲೋ, ಕುಡಿಯುವುದನ್ನು ನಿಲ್ಲಿಸಿದುದರಿಂದಲೋ? ಕುಡುಕನು ಸರಿಯಾಗಿ ಉಣ್ಣುವುದಿಲ್ಲವಾದಕಾರಣ ಅನ್ನಸತ್ವಗಳ ಕೊರತೆಯಿಂದಲೋ? ಇದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬಗೆಹರಿಯಲಿಲ್ಲ. ಅಮೆರಿಕದ ಲೆಕ್ಸಿಂಗ್ಟನ್ ನಗರದಲ್ಲಿ ಹ್ಯಾರಿಸ್ ಇಸ್ಬೆಲ್ ಎಂಬ ವೈದ್ಯನೂ ಅವನ ಸಂಗಡಿಗರೂ 1955ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿತು. ಹಿಂದೆ ಮಾರ್ಫಿನ್ ವ್ಯಸನಿಗಳಾಗಿದ್ದ ಹತ್ತು ಮಂದಿಗೆ ಒಳ್ಳೆಯ ಊಟವನ್ನೂ ಜೀವಸತ್ವಗಳನ್ನೂ ಕೊಡುತ್ತಲೇ ದಿನವೂ ಮದ್ಯವನ್ನು ಕುಡಿಸಲಾಯಿತು. ನಾಲ್ವರು 34 ದಿನಗಳೊಳಗಾಗಿ ಬಿಟ್ಟುಬಿಟ್ಟರು. ಆರು ಮಂದಿ 48ರಿಂದ 87 ದಿನಗಳವರೆಗೆ ಕುಡಿದರು. ಹಠಾತ್ತನೆ ನಿಲ್ಲಿಸಿದಾಗ ಈ ಆರು ಮಂದಿಯಲ್ಲಿ ಇಬ್ಬರಿಗೆ ಸೆಳವು ಬಂದಿತು. ಮೂವರಿಗೆ ಸನ್ನಿ ಹಿಡಿಯಿತು. ಮನುಷ್ಯರ ಮೇಲೆ ಇಂತಹ ಪ್ರಯೋಗವನ್ನು ನಡೆಸಲು ಇಂದಿನ ಧರ್ಮವಿವೇಕವು ಒಪ್ಪದು. ಆದರೂ ಅದರಿಂದ ಹೊರಪಟ್ಟ ಸತ್ಯವನ್ನು ಅಲ್ಲಗಳೆಯುವಂತಿಲ್ಲ: ಉಣಿಸಿಗೆ ಕೊರತೆಯಿಲ್ಲದ ದೇಹದಲ್ಲಿಯೂ ಮದ್ಯವನ್ನು ಥಟ್ಟನೆ ಬಿಟ್ಟುದರಿಂದಲೇ ಸೆಳವು ಉಂಟಾಗಬಲ್ಲುದು. 1967ರಲ್ಲಿ ವಿಕ್ಟರ್ ಮತ್ತು ಬ್ರಾಶ್ ಎಂಬಿಬ್ಬರು 241 ರೋಗಿಗಳನ್ನು ಪರೀಕ್ಷಿಸಿ, ಇಂತಹ ಸೆಳವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಕುಡಿತ ನಿಲ್ಲಿಸಿದ 7ರಿಂದ 48 ಗಂಟೆಗಳೊಳಗೆ ಬರುವುವೆಂದು ತೋರಿಸಿದರು. “ಕೊನೆಯ ಸಲ ಸೇವಿಸಿ ಎಷ್ಟು ಹೊತ್ತಾಯಿತು?” ಎಂಬ ವೈದ್ಯನ ಪ್ರಶ್ನೆಗೆ ಆಧಾರ ಇದೇ.

ಇದರ ಕಾರಣವನ್ನು ತಕ್ಕಡಿಯ ದೃಷ್ಟಾಂತದಿಂದ ತಿಳಿಯಬಹುದು. ಮಿದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ದ್ರವ್ಯಗಳಲ್ಲಿ ಗ್ಲುಟಮೇಟ್ ಮುಖ್ಯವಾದುದು. ಅಡಗಿಸುವ ದ್ರವ್ಯಗಳಲ್ಲಿ ಗಾಬಾ ಎಂಬುದು ಮುಖ್ಯ. ಗಾಬಾ ಮಿದುಳಿನಲ್ಲಿರುವುದು ಗೊತ್ತಾದುದು 1950ರಲ್ಲಿ. ಇವೆರಡರ ತಟ್ಟೆಗಳು ಸಮತೂಕದಲ್ಲಿರುವುದೇ ಸ್ವಾಸ್ಥ್ಯ. ಮದ್ಯವು ಅಡಗಿಸುವ ತಟ್ಟೆಯಲ್ಲಿ ಭಾರವನ್ನಿಡುತ್ತದೆ. ಅಮಲಿನ ಹಾಯೆನಿಸುವಿಕೆ ಅದರಿಂದಲೇ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ಸಮತೂಕವನ್ನು ಕಾಯ್ದುಕೊಳ್ಳಲೋಸುಗ ಗಾಬಾದ ಪ್ರಭಾವವನ್ನು ತಗ್ಗಿಸಿ ಗ್ಲುಟಮೇಟಿನ ಪ್ರಭಾವವನ್ನು ಹೆಚ್ಚಿಸಿ, ಎದುರು ತಟ್ಟೆಯಲ್ಲಿ ತಾನೂ ಕಲ್ಲುಗಳನ್ನಿಡುತ್ತ ಹೋಗುತ್ತದೆ. ಆದಕಾರಣವೇ ಕುಡಿಯುವವನಿಗೆ ಬರಬರುತ್ತ ಹೆಚ್ಚು ಬೇಕಾಗುವುದು. ಒಂದು ದಿನ ಮದ್ಯದ ಭಾರವನ್ನು ಒಮ್ಮೆಗೇ ತೆಗೆದುಬಿಟ್ಟರೆ, ಮಿದುಳು ಇಟ್ಟ ಕಲ್ಲುಗಳು ಮಾತ್ರ ಉಳಿದು ಕೆರಳಿಕೆಯ ತಟ್ಟೆ ಧೊಪ್ಪೆಂದು ಬೀಳುತ್ತದೆ. ನಡುಕ, ಬೆವರು, ನಿದ್ರಾಭಂಗ, ಸೆಳವು, ಸನ್ನಿ ಇವೆಲ್ಲ ಆ ಬೀಳುವಿಕೆಯ ಮೆಟ್ಟಲುಗಳು. ನಿದ್ರೆಯ ಮಾತ್ರೆಗಳಾದ ಬಾರ್ಬಿಟುರೇಟುಗಳಲ್ಲಿಯೂ 1960ರಿಂದೀಚೆಗೆ ಬಂದ ಬೆನ್ಜೊಡಯಾಜೆಪೀನುಗಳಲ್ಲಿಯೂ ಇದೇ ನಿಯಮವುಂಟು. ಸೆಳವನ್ನು ತಡೆಯಲೆಂದು ವೈದ್ಯನು ಕೊಡುವ ಮದ್ದೇ, ಬಹುಕಾಲ ಸೇವಿಸಿ ಥಟ್ಟನೆ ಬಿಟ್ಟರೆ, ಸೆಳವನ್ನು ತರುತ್ತದೆ. ಇದು ಕೇಳುವುದಕ್ಕೆ ವಿಪರೀತವಾಗಿ ತೋರಿದರೂ ತಕ್ಕಡಿಯನ್ನು ನೆನೆದರೆ ಸಹಜವೇ ಆಗಿದೆ.

ಈ ವಿಷಯದಲ್ಲಿ ನಮ್ಮ ಪೂರ್ವಿಕರ ವಿವೇಕವನ್ನು ಸ್ಮರಿಸದಿರಲಾಗದು. ಅಭ್ಯಾಸವಾಗಿಹೋದ ಅಹಿತವಸ್ತುವನ್ನು ಜಾಣನು ಒಮ್ಮೆಗೇ ಬಿಡದೆ ಕಾಲುಕಾಲು ಭಾಗವಾಗಿ ಕ್ರಮಕ್ರಮದಿಂದ ಬಿಡತಕ್ಕದ್ದೆಂದು ಚರಕನು ಸೂತ್ರಸ್ಥಾನದಲ್ಲಿ ವಿಧಿಸಿದ್ದಾನೆ. ಹಠಾತ್ತನೆ ಬಿಡುವುದರಿಂದಲೂ ಹಠಾತ್ತನೆ ಹಿಡಿಯುವುದರಿಂದಲೂ ರೋಗಗಳುಂಟಾಗುವುವೆಂದು ವಾಗ್ಭಟನೂ ಎಚ್ಚರಿಸಿದ್ದಾನೆ. ಗಾಬಾ ಗ್ಲುಟಮೇಟುಗಳ ಹೆಸರನ್ನು ಅವರು ಕೇಳಿರಲಿಲ್ಲ; ರೋಗಿಯನ್ನು ಕಣ್ಣಿಟ್ಟು ನೋಡಿದ್ದರು.

ಆ ಎಚ್ಚರಿಕೆಯ ನಿಜವು ನಮ್ಮ ಕನ್ನಡ ನಾಡಿನಲ್ಲಿಯೇ, ನಾವೆಲ್ಲರೂ ಕಂಡ ಕಾಲದಲ್ಲಿ, ದೊಡ್ಡ ಪ್ರಮಾಣದಲ್ಲಿ ಪ್ರಕಟವಾಯಿತು. ಕೊರೋನಾ ಪಿಡುಗಿನ ನಿಮಿತ್ತ 2020ರ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಮದ್ಯದ ಅಂಗಡಿಗಳೂ ಮುಚ್ಚಿದುವು. ದಿನವೂ ಕುಡಿಯುತ್ತಿದ್ದ ಸಾವಿರಾರು ಜನರಿಗೆ ಯಾವ ಸಿದ್ಧತೆಯೂ ಇಲ್ಲದೆ ಮದ್ಯ ತಪ್ಪಿತು. ಊರ ಹಿತೈಷಿಗಳು ಇದನ್ನು ಸುಸಂಧಿಯೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು ಅದೇ ವರ್ಷ ಪ್ರಕಟಿಸಿದಂತೆ, ಮದ್ಯ ನಿಂತುದರಿಂದ ತೀವ್ರ ತೊಂದರೆಗೀಡಾಗಿ ಬಂದವರ ಸಂಖ್ಯೆ ಆ ದಿನಗಳಲ್ಲಿ ಸುಮಾರು ಇಮ್ಮಡಿಯಾಯಿತು. ಇವರಲ್ಲಿ ಎಷ್ಟೋ ಮಂದಿ ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಲ್ಲ, ಬಿಡುವಂತಾದವರು. ಮನಸ್ಸು ಮಾಡಿ ಬಿಟ್ಟವನ ಮಿದುಳಿಗೂ ನಿಯಮ ಬೇರೆಯಲ್ಲ. ಹಬ್ಬಕ್ಕೋ ಹರಕೆಗೋ ಮಗಳ ಮದುವೆಗೋ ಆಣೆಯಿಟ್ಟು ಒಂದೇ ದಿನದಲ್ಲಿ ಬಿಟ್ಟವನು ಎರಡನೆಯ ದಿನ ನೆಲಕ್ಕುರುಳಿದರೆ, ಅದು ದೈವದ ಮುನಿಸಲ್ಲ. ಅವನ ಸಂಕಲ್ಪದ ದೋಷವೂ ಅಲ್ಲ. ಸಂಕಲ್ಪಕ್ಕೆ ವೈದ್ಯನ ಸಹಾಯವಿರಲಿಲ್ಲ, ಅಷ್ಟೆ. ಅಮೆರಿಕದ ಬಾಸ್ಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮದ್ಯ ಬಿಟ್ಟು ಸೆಳವು ಬಂದಿದ್ದವರಿಗೆ ಲೊರಾಜೆಪಾಮ್ ಎಂಬ ಔಷಧವನ್ನು ಚುಚ್ಚಿದಾಗ 100 ಮಂದಿಯಲ್ಲಿ 3 ಜನರಿಗೆ ಮಾತ್ರ ಸೆಳವು ಮರುಕಳಿಸಿತು. ಔಷಧವಿಲ್ಲದ 86 ಮಂದಿಯಲ್ಲಿ 21 ಜನರಿಗೆ ಮರುಕಳಿಸಿತು. ಸಕಾಲದ ಚಿಕಿತ್ಸೆಯಿಂದಾಗುವ ವ್ಯತ್ಯಾಸವು ಇಷ್ಟು ಸ್ಪಷ್ಟವಾಗಿದೆ.

ಎಲ್ಲ ಅಮಲುಗಳೂ ಬಿಟ್ಟಾಗಲೇ ಕೆಡಿಸುವುವೆಂದು ತಿಳಿಯಲಾಗದು. ಕೆಲವು ಒಳಹೊಕ್ಕಾಗಲೇ ಕೆರಳಿಸತಕ್ಕವು. ಕೊಕೇನು ಇವುಗಳಲ್ಲೊಂದು, ಮೊದಲ ಸಲ ಸೇವಿಸಿದವನಿಗೂ ಅದರಿಂದ ಸೆಳವು ಬರಬಹುದು. ನೋವಿಗೆಂದು ಹುಟ್ಟಿ ಅಮಲಿಗೆ ದುರುಪಯೋಗವಾದ ಟ್ರಾಮಡಾಲ್ ಮಾತ್ರೆಯೂ ಅಂತಹುದೇ. ಇದನ್ನು ನಮ್ಮ ಸರ್ಕಾರವು 2018ರಲ್ಲಿ ಮಾದಕದ್ರವ್ಯಗಳ ಕಾನೂನಿನ ಕಟ್ಟಿಗೆ ಒಳಪಡಿಸಿತು. ಹೀಗೆ ಎರಡು ದಾರಿಗಳಿರುವುದರಿಂದಲೇ ವೈದ್ಯನಿಗೆ ಎರಡು ಪ್ರಶ್ನೆಗಳು ಬೇಕಾದುವು: ಏನು ಎಂಬುದೊಂದು, ಎಂದು ಎಂಬುದಿನ್ನೊಂದು.

ಕಡೆಗೆ, ಕಲ್ಕತ್ತೆಯಲ್ಲಿ ನಾವು ಬಿಟ್ಟುಬಂದ ಗಾಂಜಾದ ಕಥೆಯನ್ನು ಮುಗಿಸಬೇಕು. ಆ ಗಿಡದ ಅಂಶಗಳಲ್ಲಿ ಕ್ಯಾನಬಿಡಿಯಾಲ್ ಎಂಬುದನ್ನು ಅಮೆರಿಕದ ರೋಜರ್ ಆಡಮ್ಸ್ 1940ರಲ್ಲಿ ಬೇರ್ಪಡಿಸಿದನು. ಜೆರೂಸಲೇಮಿನ ರಫಾಯೆಲ್ ಮೆಶೂಲಮ್ ಮತ್ತು ಸಂಗಡಿಗರು 1963ರಲ್ಲಿ ಅದರ ರಚನೆಯನ್ನೂ, ಮರುವರ್ಷ ಅಮಲಿಗೆ ಮುಖ್ಯ ಕಾರಣವಾದ ಟಿ.ಎಚ್.ಸಿ. ಎಂಬ ಅಂಶದ ರಚನೆಯನ್ನೂ ಕಂಡುಹಿಡಿದರು. 1992ರಲ್ಲಿ ಅದೇ ಮೆಶೂಲಮನ ಬಳಗವು, ಟಿ.ಎಚ್.ಸಿ.ಯು ಹೋಗಿ ಕೂಡುವ ಸ್ಥಾನದಲ್ಲಿಯೇ ಕೂಡುವ ದ್ರವ್ಯವೊಂದನ್ನು ಮಿದುಳು ತಾನೇ ಉತ್ಪಾದಿಸುವುದನ್ನು ಕಂಡು, ಅದಕ್ಕೆ ನಮ್ಮ ‘ಆನಂದ’ ಶಬ್ದದಿಂದಲೇ ಆನಂದಮೈಡ್ ಎಂದು ನಾಮಕರಣ ಮಾಡಿತು.

ಇಲ್ಲಿಗೆ ಓಶಾನೆಸ್ಸಿಯ ಒಗಟು ಬಿಡಿಸಿತು. ಅಮಲನ್ನು ತರುವ ಟಿ.ಎಚ್.ಸಿ.ಯು ಪ್ರಾಣಿಗಳಲ್ಲಿ ಒಮ್ಮೆ ಸೆಳವನ್ನು ಅಡಗಿಸಿ ಇನ್ನೊಮ್ಮೆ ಕೆರಳಿಸುತ್ತದೆ, ಅದನ್ನು ನೆಚ್ಚುವಂತಿಲ್ಲ. ಅಮಲು ತಾರದ ಕ್ಯಾನಬಿಡಿಯಾಲಿನಲ್ಲಿಯೇ ಸೆಳವನ್ನಡಗಿಸುವ ಗುಣವು ನಿಶ್ಚಿತವಾಯಿತು. ಡ್ರಾವೆ ಎಂಬ ಕ್ರೂರವಾದ ಬಾಲಾಪಸ್ಮಾರದ 120 ರೋಗಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಔಷಧ ಪಡೆದವರ ಸೆಳವುಗಳ ಮಧ್ಯಮ ಸಂಖ್ಯೆ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿಯಿತು; ಪಡೆಯದವರಲ್ಲಿ 14.9 ಇದ್ದುದು 14.1 ಆಯಿತು. 2018ರಲ್ಲಿ ಅಮೆರಿಕದ ಸರ್ಕಾರವು ಇದನ್ನು ಔಷಧವಾಗಿ ಅಂಗೀಕರಿಸಿತು. ಕಲ್ಕತ್ತೆಯ ಕೂಸಿಗೆ ಹನಿ ಬಿಟ್ಟು ಆಗ 180 ವರ್ಷಗಳಾಗುತ್ತ ಬಂದಿದ್ದುವು. ಇದನ್ನೇ ನೆವಮಾಡಿ ಗಾಂಜಾ ಸೇದುವುದು ಅಪಸ್ಮಾರಕ್ಕೆ ಮದ್ದೆಂದು ಹೇಳುವವರುಂಟು. ಶುದ್ಧೀಕರಿಸಿ, ಅಳೆದು, ಯಕೃತ್ತಿನ ಮೇಲೆ ಕಣ್ಣಿಟ್ಟು ಕೊಡುವ ಔಷಧವೇ ಬೇರೆ, ಚಿಲುಮೆಯ ಹೊಗೆಯೇ ಬೇರೆ. ಇನ್ನು ಗಾಂಜಾದ ಹೆಸರಿನಲ್ಲಿ ಮಾರಲ್ಪಡುವ ಕೃತಕ ದ್ರವ್ಯಗಳಂತೂ ಟಿ.ಎಚ್.ಸಿ.ಗಿಂತ ಬಹುಪಾಲು ಉಗ್ರವಾದವು. ಅವುಗಳಿಂದ ಸೆಳವು ಬಂದ ಪ್ರಕರಣಗಳನ್ನು ವೈದ್ಯರು ಪದೇಪದೇ ವರದಿಮಾಡಿದ್ದಾರೆ.

ಈ ಇತಿಹಾಸದಿಂದ ಗೃಹಸ್ಥರು ನೆನಪಿನಲ್ಲಿಡತಕ್ಕ ಮಾತುಗಳು ಕೆಲವೇ. ಸೆಳವು ಬಂದವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಬಾಯೊಳಗೆ ಏನನ್ನೂ ಹಾಕದೆ ಕಾದಿರಬೇಕು. ಐದು ನಿಮಿಷ ಮೀರಿದರೆ, ಅಥವಾ ಸೆಳವು ಬಂದುದು ಇದೇ ಮೊದಲಾದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಿನವೂ ಕುಡಿಯುವವನು, ನಿದ್ರೆಯ ಮಾತ್ರೆಗೆ ಅಂಟಿಕೊಂಡವನು ಬಿಡಲು ನಿಶ್ಚಯಿಸಿದರೆ, ಆ ನಿಶ್ಚಯವನ್ನು ಮನೆಯ ದೇವರಿಗೆ ಹೇಳುವಂತೆಯೇ ವೈದ್ಯನಿಗೂ ಹೇಳಬೇಕು. ಅಪಸ್ಮಾರದ ಔಷಧವನ್ನು ಸೇವಿಸುತ್ತಿರುವವರು ಗುಣವಾಯಿತೆಂದೆಣಿಸಿ ತಾವಾಗಿ ನಿಲ್ಲಿಸಬಾರದು. ತಕ್ಕಡಿಯ ನಿಯಮವು ಅವರಿಗೂ ಅನ್ವಯಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ವೈದ್ಯನು ಆ ಎರಡು ಪ್ರಶ್ನೆಗಳನ್ನು ಕೇಳಿದಾಗ ಮರ್ಯಾದೆಯ ಮಾತು ಅಡ್ಡಬರಬಾರದು. 1892ರ ಗುಮಾಸ್ತರು ತಿಳಿಯದೆ ಸುಳ್ಳು ಕಾರಣವನ್ನು ಬರೆದರು. ತಿಳಿದೂ ನಿಜವಾದ ಕಾರಣವನ್ನು ಬಚ್ಚಿಡುವ ಮನೆಯವರು ಅವರಿಗಿಂತ ಮೇಲೆಂದು ಹೇಳುವುದು ಹೇಗೆ?